ಕೆಳಗಿನ ಸುದ್ದಿ ಮೇಲಕ್ಕೆ ತಲುಪುವ ದಾರಿ: ಜನರಲ್ ಮೋಟರ್ಸ್‌ನಲ್ಲಿ ಮೇರಿ ಬಾರಾ

ಅಮೆರಿಕದ ಖಜಾನೆ ಇಲಾಖೆ 2009ರಲ್ಲಿ ದಿವಾಳಿಯಾದ ಜನರಲ್ ಮೋಟರ್ಸ್ ಕಾರು ಕಂಪನಿಗೆ ನೆರವು ಕೊಟ್ಟು ಪಡೆದಿದ್ದ ಷೇರುಗಳಲ್ಲಿ ಕೊನೆಯವನ್ನು ಮಾರಿ ಮುಗಿಸಿದ್ದು 2013ರ ಡಿಸೆಂಬರ್ 9ರಂದು. ಮರುದಿನವೇ ಕಂಪನಿಯ ಆಡಳಿತ ಮಂಡಳಿ ಡ್ಯಾನ್ ಅಕರ್ಸನ್ ಅವರ ನಂತರದ ಸಿಇಒ ಆಗಿ ಮೇರಿ ಬಾರಾ ಅವರ ಹೆಸರನ್ನು ಪ್ರಕಟಿಸಿತು. ದೊಡ್ಡ ಜಾಗತಿಕ ಕಾರು ಕಂಪನಿಯೊಂದರ ಚುಕ್ಕಾಣಿ ಮಹಿಳೆಯೊಬ್ಬರ ಕೈಗೆ ಬಂದದ್ದು ಅದೇ ಮೊದಲಾದ್ದರಿಂದ ಪತ್ರಿಕೆಗಳೆಲ್ಲ ಆ ಸಂಗತಿಯನ್ನೇ ಮುಂದಿಟ್ಟು ಬರೆದವು, ಬರೆಯಬೇಕಾದದ್ದೂ ಹೌದು. ಆದರೆ ಒಂದು ಉದ್ಯೋಗ ಜೀವನದ ಅಧ್ಯಯನವಾಗಿ ನೋಡುವಾಗ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಬಾರಾ ಆ ಹೊತ್ತಿಗೆ ಅದೇ ಕಂಪನಿಯಲ್ಲಿ 33 ವರ್ಷ ದುಡಿದಿದ್ದರು. ದಿವಾಳಿಯ ನಂತರ ಹೊರಗಿನಿಂದ ಬಂದ ಎಡ್ ವಿಟಾಕರ್ ಮತ್ತು ಅಕರ್ಸನ್ ಎಂಬ ಇಬ್ಬರು ಸಿಇಒಗಳನ್ನು ಕಂಡಿದ್ದ ಮಂಡಳಿ ಈ ಸಲ ಅಪ್ಪಟ ಒಳಗಿನವರೊಬ್ಬರನ್ನು ಆರಿಸಿತ್ತು. ಒಂದೇ ಸಂಸ್ಥೆಯಲ್ಲಿ ಬೆಳೆದವರಿಗೆ ಆ ಸಂಸ್ಥೆಯ ನಾಡಿ ಗೊತ್ತಿರುತ್ತದೆ; ಅದೇ ಸಂಸ್ಥೆಯ ರೋಗಕ್ಕೆ ಅವರು ಹೊಂದಿಕೊಂಡುಬಿಟ್ಟಿರುವ ಸಾಧ್ಯತೆಯೂ ಇರುತ್ತದೆ. ಈ ಎರಡರಲ್ಲಿ ಬಾರಾ ಅವರ ವಿಷಯದಲ್ಲಿ ಯಾವುದು ಎಷ್ಟು ನಿಜವಾಯಿತು ಎಂಬುದನ್ನು ಪರಿಶೀಲಿಸುವುದೇ ಈ ಪ್ರಕರಣ ಅಧ್ಯಯನದ ಉದ್ದೇಶ. ಅದಕ್ಕೆ, ಕೀಲಿ ತಿರುಗಿಸಿ ಕಾರು ಚಾಲೂ ಮಾಡುವ ಸ್ವಿಚ್ಚಿನ ದೋಷ ಜನರ ಜೀವ ತೆಗೆದದ್ದು ಬಯಲಾದ 2014ರ ಇಗ್ನಿಷನ್ ಸ್ವಿಚ್ ದುರಂತಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಪಾಂಟಿಯಾಕ್‌ನಿಂದ ಆಡಳಿತ ಮಂಡಳಿಯವರೆಗೆ

ಮೇರಿ ಬಾರಾ, ಹುಟ್ಟು ಹೆಸರಿನಲ್ಲಿ ಮೇರಿ ತೆರೇಸಾ ಮಕೆಲಾ, ಹುಟ್ಟಿದ್ದು 1961ರ ಡಿಸೆಂಬರ್ 24ರಂದು, ಮಿಷಿಗನ್ ರಾಜ್ಯದ ರಾಯಲ್ ಓಕ್‌ನಲ್ಲಿ. ತಂದೆಯ ಕಡೆಯ ಹಿರಿಯರು ಫಿನ್ಲೆಂಡಿನಿಂದ ಬಂದವರು. ತಂದೆ ರೇ ಮಕೆಲಾ ಜನರಲ್ ಮೋಟರ್ಸ್‌ನ ಪಾಂಟಿಯಾಕ್ ವಿಭಾಗದಲ್ಲಿ 39 ವರ್ಷ ಡೈ ತಯಾರಕರಾಗಿ ದುಡಿದರು. ಲೋಹದ ಹಾಳೆಯನ್ನು ಬಾನೆಟ್ ಅಥವಾ ಬಾಗಿಲಿನ ಆಕಾರಕ್ಕೆ ಒತ್ತುವ ಅಚ್ಚನ್ನು ಮಿಲಿಮೀಟರಿನ ಸಣ್ಣ ಭಾಗದಷ್ಟೂ ತಪ್ಪದಂತೆ ತಿದ್ದುವ ಕುಶಲ ಕೆಲಸ ಅದು. ಕಾರು ಕಾರ್ಖಾನೆಯ ಕಾರ್ಮಿಕರಲ್ಲಿ ಡೈ ತಯಾರಕರಿಗೆ ಇರುವ ಮರ್ಯಾದೆಯೇ ಬೇರೆ. ಮಗಳು 18ರ ವಯಸ್ಸಿನಲ್ಲಿ, 1980ರಲ್ಲಿ, ಫ್ಲಿಂಟ್ ನಗರದ ಜನರಲ್ ಮೋಟರ್ಸ್ ಇನ್‌ಸ್ಟಿಟ್ಯೂಟ್ ಸೇರಿದರು. ಇಂದು ಕೆಟರಿಂಗ್ ವಿಶ್ವವಿದ್ಯಾಲಯವೆಂದು ಕರೆಯುವ ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಂದಷ್ಟು ಕಾಲ ತರಗತಿಯಲ್ಲಿ, ಒಂದಷ್ಟು ಕಾಲ ಕಾರ್ಖಾನೆಯಲ್ಲಿ ಇರಬೇಕಿತ್ತು, ಕಾರ್ಖಾನೆಯ ಸಂಬಳದಲ್ಲಿ ಓದಿನ ಖರ್ಚನ್ನು ನೀಗಿಸಬಹುದಿತ್ತು. ಮೇರಿಗೆ ಮೊದಲು ಸಿಕ್ಕ ಕೆಲಸ ಪಾಂಟಿಯಾಕ್ ಕಾರ್ಖಾನೆಯಲ್ಲಿ ಬಾನೆಟ್ ಮತ್ತು ಫೆಂಡರ್‌ಗಳ ತಪಾಸಣೆ. 1985ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ ಪಾಂಟಿಯಾಕ್ ಫಿಯೆರೋ ಕಾರಿನ ಕಾರ್ಖಾನೆಗೆ ಎಂಜಿನಿಯರ್ ಆಗಿ ಹೋದರು. ಕಂಪನಿಯ ಫೆಲೋಶಿಪ್ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ 1990ರಲ್ಲಿ ಎಂಬಿಎ ಪಡೆದರು.

ಇಲ್ಲಿಯವರೆಗಿನದು ಕಂಪನಿ ತಾನೇ ಗುರುತಿಸಿ ಬೆಳೆಸುವ ಜಾಣ ಎಂಜಿನಿಯರುಗಳ ಸಾಮಾನ್ಯ ದಾರಿ. ಮುಂದಿನ ಮೂರು ಹುದ್ದೆಗಳು ಹಾಗಲ್ಲ. ನನ್ನ ಮಟ್ಟಿಗೆ ಈ ವೃತ್ತಿಜೀವನದ ಕೀಲಿ ಇರುವುದು ಅಲ್ಲಿಯೇ.

ಮೊದಲನೆಯದು, 1990ರ ದಶಕದ ಉತ್ತರಾರ್ಧದಲ್ಲಿ ಅಂದಿನ ಅಧ್ಯಕ್ಷ ಜಾಕ್ ಸ್ಮಿತ್ ಅವರ ಕಚೇರಿಯಲ್ಲಿ ಕಾರ್ಯನಿರ್ವಾಹಕ ಸಹಾಯಕಿಯ ಸ್ಥಾನ. ಹೆಸರಿಗೆ ಸಹಾಯಕ ಹುದ್ದೆಯಾದರೂ ಅದು ತೀರ್ಮಾನಗಳು ಹುಟ್ಟುವ ಕೋಣೆಯಲ್ಲಿ ಕುಳಿತು ನೋಡುವ ಅವಕಾಶ. ಎರಡನೆಯದು, 1999ರಲ್ಲಿ ಕಂಪನಿಯ ಆಂತರಿಕ ಸಂವಹನದ ಹೊಣೆ. ಅದರ ಹಿಂದಿನ ವರ್ಷ ಫ್ಲಿಂಟ್‌ನ ಎರಡು ಬಿಡಿಭಾಗ ಕಾರ್ಖಾನೆಗಳಲ್ಲಿ 54 ದಿನ ನಡೆದ ಮುಷ್ಕರ ಉತ್ತರ ಅಮೆರಿಕದಲ್ಲಿ ಕಂಪನಿಯ ಬಹುಪಾಲು ಉತ್ಪಾದನೆಯನ್ನೇ ನಿಲ್ಲಿಸಿತ್ತು. ಕಾರ್ಮಿಕರಿಗೂ ಆಡಳಿತಕ್ಕೂ ನಡುವೆ ಮಾತೇ ಕಡಿದುಹೋದಂತಿತ್ತು. ಎಂಜಿನಿಯರ್ ಒಬ್ಬರನ್ನು ಸಂವಹನಕ್ಕೆ ಹಾಕುವುದು ಸಾಮಾನ್ಯವಾಗಿ ಬದಿಗೆ ಸರಿಸಿದಂತೆ. ಆದರೆ ಕಂಪನಿ ಹೇಳುವುದನ್ನು ಕೆಳಗಿನವರು ಹೇಗೆ ಕೇಳಿಸಿಕೊಳ್ಳುತ್ತಾರೆ, ಕೆಳಗಿನವರು ಹೇಳುವುದರಲ್ಲಿ ಎಷ್ಟು ಮೇಲಕ್ಕೆ ತಲುಪುತ್ತದೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಮೂರನೆಯದು, 2003ರಲ್ಲಿ ಡೆಟ್ರಾಯ್ಟ್-ಹ್ಯಾಮ್‌ಟ್ರಾಮಿಕ್ ಜೋಡಣಾ ಕಾರ್ಖಾನೆಯ ವ್ಯವಸ್ಥಾಪಕಿಯ ಸ್ಥಾನ. ಕ್ಯಾಡಿಲ್ಯಾಕ್, ಬ್ಯೂಕ್‌ಗಳಂಥ ದೊಡ್ಡ ಸೆಡಾನ್‌ಗಳು ತಯಾರಾಗುತ್ತಿದ್ದ ಆ ಕಾರ್ಖಾನೆಗೆ ತನ್ನದೇ ನೋವಿನ ಚರಿತ್ರೆ ಇದೆ. ಅದಕ್ಕಾಗಿ 1980ರ ದಶಕದ ಆರಂಭದಲ್ಲಿ ಪೋಲ್‌ಟೌನ್ ಎಂಬ ಇಡೀ ಬಡಾವಣೆಯನ್ನು ನಗರಾಡಳಿತ ವಶಪಡಿಸಿಕೊಂಡು ಕೆಡವಿತ್ತು, ಸುಮಾರು 4,200 ಜನ ಮನೆ ಬಿಟ್ಟು ಹೋಗಬೇಕಾಯಿತು. ಕಾರು ಉದ್ಯಮದಲ್ಲಿ ಕಾರ್ಖಾನೆ ನಡೆಸದೆ ಮೇಲಕ್ಕೆ ಬಂದವರ ಮಾತಿಗೆ ತೂಕ ಕಡಿಮೆ. ಪಾಳಿ ಬದಲಾಗುವ ಹೊತ್ತಿಗೆ ಲೈನ್ ನಿಂತರೆ ಏನಾಗುತ್ತದೆ, ಯೂನಿಯನ್ ಪ್ರತಿನಿಧಿ ಬಾಗಿಲು ತಟ್ಟಿದಾಗ ಹೇಗೆ ಮಾತನಾಡಬೇಕು ಎಂಬುದು ಬಾರಾ ಅವರಿಗೆ ಇಲ್ಲಿ ದಿನದ ಕೆಲಸವಾಯಿತು. ಈ ಕಾರ್ಖಾನೆಯ ಹೆಸರು ಮುಂದೆ ಮತ್ತೆ ಬರುತ್ತದೆ.

2008ರಲ್ಲಿ ಅವರು ಜಾಗತಿಕ ಉತ್ಪಾದನಾ ಎಂಜಿನಿಯರಿಂಗ್‌ನ ಉಪಾಧ್ಯಕ್ಷೆಯಾದರು. 2009ರ ಜೂನ್ 1ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು, ಸರ್ಕಾರದ ಸುಮಾರು 4,950 ಕೋಟಿ ಡಾಲರ್ ನೆರವಿನ ಬಲದಿಂದ ಜುಲೈ 10ರಂದು ಹೊಸ ಕಂಪನಿಯಾಗಿ ಹೊರಬಂತು. ಅದೇ ತಿಂಗಳು ಬಾರಾ ಅವರನ್ನು ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆಯಾಗಿ ಮಾಡಲಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡು, ಉಳಿದವರು ತಲೆ ತಗ್ಗಿಸಿ ನಡೆಯುತ್ತಿದ್ದ ಕಾಲ ಅದು. ಅಲ್ಲಿ ಅವರು ಮಾಡಿದ ಒಂದು ಸಣ್ಣ ಕೆಲಸವನ್ನು ತಾವೇ ಹಲವು ವೇದಿಕೆಗಳಲ್ಲಿ ವಿವರಿಸಿದ್ದಾರೆ. ಉದ್ಯೋಗಿಗಳು ಏನು ತೊಡಬೇಕು, ಏನು ತೊಡಬಾರದು ಎಂಬ 10 ಪುಟಗಳ ನಿಯಮಾವಳಿಯನ್ನು ತೆಗೆದುಹಾಕಿ, ಸಂದರ್ಭಕ್ಕೆ ತಕ್ಕ ಉಡುಪು ಧರಿಸಿ ಎನ್ನುವಷ್ಟಕ್ಕೆ ಇಳಿಸಿದರು. ಮೊದಲ ವಿರೋಧ ಬಂದದ್ದು ತಮ್ಮದೇ ವಿಭಾಗದಿಂದ. ನಂತರ ಹಿರಿಯ ನಿರ್ದೇಶಕರೊಬ್ಬರು, ಇನ್ನಷ್ಟು ಸ್ಪಷ್ಟವಾದ ನಿಯಮ ಬೇಕೆಂದು ಪತ್ರ ಬರೆದರು. ಬಾರಾ ಆ ನಿರ್ದೇಶಕರಿಗೆ ಫೋನ್ ಮಾಡಿದರು. ತಂಡದ ಕೆಲವರು ಏಕಾಏಕಿ ಸರ್ಕಾರಿ ಅಧಿಕಾರಿಗಳ ಜೊತೆ ಸಭೆಗೆ ಹೋಗಬೇಕಾಗುತ್ತದೆ, ಜೀನ್ಸ್‌ನಲ್ಲಿ ಹೋದರೆ ಹೇಗೆ ಎಂಬುದು ಆ ನಿರ್ದೇಶಕರ ಚಿಂತೆ. ನಿಮ್ಮ ತಂಡದವರ ಜೊತೆಗೇ ಮಾತನಾಡಿ ಎಂದು ಬಾರಾ ಹೇಳಿದರು. ತಂಡ ಕುಳಿತು ಮಾತನಾಡಿ, ಅಂಥವರು ಒಂದು ಜೊತೆ ಒಳ್ಳೆಯ ಪ್ಯಾಂಟನ್ನು ಲಾಕರ್‌ನಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿತು, ಸಮಸ್ಯೆ ಮುಗಿಯಿತು. ಕೋಟ್ಯಂತರ ಡಾಲರ್ ಬಜೆಟ್ ನಿಭಾಯಿಸುವ ಮನುಷ್ಯ ಪ್ಯಾಂಟಿನ ವಿಷಯಕ್ಕೆ ಮೇಲಿನವರ ಆದೇಶ ಕಾಯುತ್ತಾನೆಂದರೆ ಆ ಸಂಸ್ಥೆಯಲ್ಲಿ ಹೊಣೆ ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಬಾರಾ ಅದನ್ನು ಆಗಲೇ ಕಂಡಿದ್ದರು ಎಂಬುದನ್ನು ನಾವು ನೆನಪಿನಲ್ಲಿಡಬೇಕು.

2011ರ ಫೆಬ್ರವರಿಯಲ್ಲಿ ಅಕರ್ಸನ್, ಬಾರಾ ಅವರನ್ನು ಜಾಗತಿಕ ಉತ್ಪನ್ನ ಅಭಿವೃದ್ಧಿಯ ಮುಖ್ಯಸ್ಥೆಯಾಗಿ ನೇಮಿಸಿದಾಗ ಡೆಟ್ರಾಯ್ಟ್ ಅಚ್ಚರಿಪಟ್ಟಿತು. ಕಂಪನಿಯ ಎಂಜಿನಿಯರಿಂಗ್, ವಿನ್ಯಾಸ, ಗುಣಮಟ್ಟ ಎಲ್ಲವೂ ಸೇರುವ ಜಾಗ ಅದು, ಅಲ್ಲಿಗೆ ಎಚ್‌ಆರ್‌ನಿಂದ ಯಾರೂ ಬರುತ್ತಿರಲಿಲ್ಲ. ಒಂದೊಂದು ವಾಹನ ಯೋಜನೆಗೂ ಹಂಚಿಹೋಗಿದ್ದ ಅಧಿಕಾರವನ್ನು ಬಾರಾ ಕಡಿಮೆ ಕೈಗಳಿಗೆ ತಂದರು, ನಡುವಿನ ಹಂತಗಳನ್ನು ಕಡಿತಗೊಳಿಸಿದರು. 2013ರ ಆಗಸ್ಟ್‌ನಲ್ಲಿ ಖರೀದಿ ಮತ್ತು ಪೂರೈಕೆ ಸರಪಳಿಯೂ ಅವರ ಕೈಗೆ ಬಂತು. ಅಕರ್ಸನ್ ತಮ್ಮ ಪತ್ನಿಯ ಕ್ಯಾನ್ಸರ್ ಕಾರಣದಿಂದ ಯೋಚಿಸಿದ್ದಕ್ಕಿಂತ ಬೇಗ ನಿವೃತ್ತರಾದರು, ಮತ್ತು 2014ರ ಜನವರಿ 15ರಂದು ಬಾರಾ ಸಿಇಒ ಆದರು.

ಸ್ವಿಚ್ಚಿನೊಳಗಿನ ಕಡ್ಡಿ

ಜನರಲ್ ಮೋಟರ್ಸ್‌ನ ಷೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಸಣ್ಣ ಕಾರುಗಳ ಇಗ್ನಿಷನ್ ಸ್ವಿಚ್ಚಿನೊಳಗೆ ಸ್ಪ್ರಿಂಗ್ ಒತ್ತಡದಲ್ಲಿ ನಿಲ್ಲುವ ಒಂದು ಸಣ್ಣ ಕಡ್ಡಿ ಇರುತ್ತದೆ. ಕೀಲಿ ಓಟದ ಸ್ಥಾನದಲ್ಲಿ ಭದ್ರವಾಗಿ ನಿಲ್ಲುವುದು ಅದರ ಬಲದಿಂದ. ಅಲ್ಲಿಂದ ಕೀಲಿಯನ್ನು ಹಿಂದಕ್ಕೆ ತಿರುಗಿಸಲು ಕನಿಷ್ಠ 15 ನ್ಯೂಟನ್-ಸೆಂಟಿಮೀಟರ್ ತಿರುಚು ಬಲ ಬೇಕೆಂದು ಕಂಪನಿಯ ವಿನ್ಯಾಸ ಹೇಳುತ್ತಿತ್ತು. ತಯಾರಾದ ಸ್ವಿಚ್ಚುಗಳು ಅದಕ್ಕಿಂತ ಬಹಳ ಸಡಿಲವಾಗಿದ್ದವು, ಅದು ತಿಳಿದೂ ಎಂಜಿನಿಯರ್ ಒಬ್ಬರು ಒಪ್ಪಿಗೆ ಕೊಟ್ಟಿದ್ದರು. ಭಾರದ ಕೀಲಿ ಗೊಂಚಲು ತೂಗಿದರೆ, ಚಾಲಕರ ಮೊಣಕಾಲು ತಾಗಿದರೆ, ರಸ್ತೆಯ ಗುಂಡಿಗೆ ಚಕ್ರ ಇಳಿದರೆ ಕೀಲಿ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟಿಯರಿಂಗ್ ಮತ್ತು ಬ್ರೇಕಿನ ನೆರವು ಹೋಗುತ್ತಿತ್ತು, ಏರ್‌ಬ್ಯಾಗ್‌ಗೆ ವಿದ್ಯುತ್ ಕಡಿದುಹೋಗುತ್ತಿತ್ತು.

ದೂರುಗಳು ಕೋಬಾಲ್ಟ್ ಮಾರುಕಟ್ಟೆಗೆ ಬಂದ ಕಾಲದಿಂದಲೇ ಇದ್ದವು. ಕಂಪನಿ ಅವನ್ನು ಸುರಕ್ಷತೆಯ ದೋಷವೆಂದು ಗುರುತಿಸದೆ ಗ್ರಾಹಕರ ಅನುಕೂಲದ ವಿಷಯವೆಂದು ವರ್ಗೀಕರಿಸಿತು. ಚಲಿಸುತ್ತಿರುವ ಕಾರಿನ ಎಂಜಿನ್ ನಿಂತರೂ ಚಾಲಕರು ಅದನ್ನು ಪಕ್ಕಕ್ಕೆ ತರಬಹುದು ಎಂಬುದು ಆಗಿನ ವಾದ. ಈ ಒಂದು ವರ್ಗೀಕರಣವೇ ಮುಂದಿನ ಅನಾಹುತಕ್ಕೆಲ್ಲ ಮೂಲ. ಅನುಕೂಲದ ವಿಷಯವೆಂದ ಮೇಲೆ ದುರಸ್ತಿಯ ಖರ್ಚು ಲೆಕ್ಕಕ್ಕೆ ಬರುತ್ತದೆ, ಸಮಿತಿಯಿಂದ ಸಮಿತಿಗೆ ಕಡತ ಓಡಾಡುತ್ತದೆ, ಯಾರಿಗೂ ಅವಸರವಿರುವುದಿಲ್ಲ. ಕೀಲಿ ಹಿಂದಕ್ಕೆ ಜಾರಿದರೆ ಏರ್‌ಬ್ಯಾಗ್ ಕೂಡ ಕೆಲಸ ಮಾಡುವುದಿಲ್ಲ ಎಂಬ ಸಂಬಂಧವನ್ನು ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ಗುರುತಿಸಲಿಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ 2006ರಲ್ಲಿ ನಡೆದ ಅಪಘಾತವೊಂದನ್ನು ತನಿಖೆ ಮಾಡಿದ ಹೆದ್ದಾರಿ ಪೊಲೀಸ್ ಅಧಿಕಾರಿ ಮಾತ್ರ ತಮ್ಮ 2007ರ ವರದಿಯಲ್ಲಿ ಅದನ್ನು ಸರಿಯಾಗಿ ಬರೆದಿದ್ದರು.

ಇದಕ್ಕಿಂತ ಕೆಟ್ಟದ್ದು 2006ರಲ್ಲಿ ನಡೆಯಿತು. ಸಡಿಲ ಸ್ವಿಚ್ಚಿಗೆ ಒಪ್ಪಿಗೆ ಕೊಟ್ಟಿದ್ದ ಅದೇ ಎಂಜಿನಿಯರ್ ಕಡ್ಡಿಯನ್ನು ಉದ್ದಗೊಳಿಸಿ ಸ್ವಿಚ್ಚನ್ನು ಬಿಗಿಗೊಳಿಸುವ ಬದಲಾವಣೆಗೆ ಸಹಿ ಹಾಕಿದರು, ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಕಾರ್ಖಾನೆಯ ಕೆಲಸ ಬಲ್ಲವರಿಗೆ ಇದರ ಗಾಂಭೀರ್ಯ ಕೂಡಲೇ ತಿಳಿಯುತ್ತದೆ. ಭಾಗ ಬದಲಾದರೆ ಸಂಖ್ಯೆ ಬದಲಾಗಲೇಬೇಕು. ಇಲ್ಲವಾದರೆ ಹಳೆಯದು ಯಾವ ಕಾರಿನಲ್ಲಿದೆ, ಹೊಸದು ಯಾವುದರಲ್ಲಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ನಂತರದ ಮಾದರಿಗಳಲ್ಲಿ ಅಪಘಾತ ಏಕೆ ಕಡಿಮೆಯಾಯಿತು ಎಂದು ಕಂಪನಿಯ ತನಿಖೆಗಾರರು ತಲೆ ಕೆಡಿಸಿಕೊಂಡರು, ದಾಖಲೆಯ ಪ್ರಕಾರ ಸ್ವಿಚ್ ಬದಲಾಗಿರಲೇ ಇಲ್ಲವಲ್ಲ. ಗಂಟು ಬಿಚ್ಚಿದವರು ಹೊರಗಿನವರು. ಜಾರ್ಜಿಯಾ ರಾಜ್ಯದಲ್ಲಿ 2010ರಲ್ಲಿ ಕೋಬಾಲ್ಟ್ ಅಪಘಾತದಲ್ಲಿ ಸತ್ತ ಯುವತಿಯೊಬ್ಬರ ತಂದೆತಾಯಿ ಹೂಡಿದ ಮೊಕದ್ದಮೆಯಲ್ಲಿ, ಅವರ ವಕೀಲರು ನೇಮಿಸಿದ ಎಂಜಿನಿಯರ್ ಹಳೆಯ ಮತ್ತು ಹೊಸ ಸ್ವಿಚ್ಚುಗಳನ್ನು ಬಿಚ್ಚಿ ಹೋಲಿಸಿ ಕಡ್ಡಿಯ ಉದ್ದದ ವ್ಯತ್ಯಾಸವನ್ನು ತೋರಿಸಿದರು. 2013ರ ಏಪ್ರಿಲ್‌ನಲ್ಲಿ ಇದನ್ನು ಬದಲಾವಣೆಗೆ ಸಹಿ ಹಾಕಿದ್ದ ಕಂಪನಿಯ ಎಂಜಿನಿಯರಿನ ಮುಂದಿಟ್ಟಾಗ, ಬದಲಾವಣೆಯ ವಿಷಯ ತನಗೆ ಗೊತ್ತಿಲ್ಲವೆಂದು ಅವರು ಪ್ರಮಾಣ ಮಾಡಿ ಹೇಳಿದರು. ಅಲ್ಲಿಂದಲೂ ರೀಕಾಲ್ ತೀರ್ಮಾನಕ್ಕೆ, ಅಂದರೆ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಸುವ ತೀರ್ಮಾನಕ್ಕೆ, 2014ರ ಜನವರಿ 31ರವರೆಗೆ ಕಾಯಬೇಕಾಯಿತು. ಬಾರಾ ಆಗ ಸಿಇಒ ಆಗಿ ಮೂರನೆಯ ವಾರದಲ್ಲಿದ್ದರು.

ಫೆಬ್ರವರಿಯಲ್ಲಿ ಆರಂಭವಾದ ರೀಕಾಲ್ ಮಾರ್ಚ್ ಕೊನೆಯ ಹೊತ್ತಿಗೆ ಸುಮಾರು 26 ಲಕ್ಷ ಕಾರುಗಳಿಗೆ ವಿಸ್ತರಿಸಿತು. ಏಪ್ರಿಲ್ 1ರಂದು ಬಾರಾ ಅಮೆರಿಕದ ಕೆಳಮನೆಯ ಉಪಸಮಿತಿಯ ಎದುರು ಕುಳಿತರು. ಹಿಂದಿನ ಸಂಜೆ ಸತ್ತವರ ಕುಟುಂಬಗಳನ್ನು ಭೇಟಿಯಾಗಿದ್ದರು. ಅದೇ ಕುಟುಂಬಗಳು ಮಕ್ಕಳ ಫೋಟೋಗಳೊಂದಿಗೆ ವಿಚಾರಣೆಯ ಕೋಣೆಯಲ್ಲಿದ್ದವು. ಬಾರಾ ಕ್ಷಮೆ ಕೇಳಿದರು. ಆದರೆ ಯಾರಿಗೆ ಯಾವಾಗ ಗೊತ್ತಿತ್ತು ಎಂಬ ಪ್ರಶ್ನೆಗಳಿಗೆಲ್ಲ, ಮಾಜಿ ಫೆಡರಲ್ ಪ್ರಾಸಿಕ್ಯೂಟರ್ ಆಂಟನ್ ವಲುಕಾಸ್ ನಡೆಸುತ್ತಿರುವ ತನಿಖೆ ಮುಗಿಯಲಿ ಎಂಬುದೇ ಉತ್ತರವಾಗಿತ್ತು. ಮರುದಿನ ಸೆನೆಟ್ ಸಮಿತಿಯಲ್ಲಿ ಸೆನೆಟರ್ ಬಾರ್ಬರಾ ಬಾಕ್ಸರ್, ನಿಮಗೆ ಯಾವುದರ ಬಗ್ಗೆಯೂ ಏನೂ ಗೊತ್ತಿಲ್ಲ ಎಂದು ನೇರವಾಗಿ ಹೇಳಿದರು. ಆ ಮಾತು ಕಟುವಾಗಿದ್ದರೂ ಅನ್ಯಾಯದ್ದಲ್ಲ. 33 ವರ್ಷ ಒಳಗಿದ್ದವರು, ಅದರಲ್ಲೂ ಕೊನೆಯ ಮೂರು ವರ್ಷ ಉತ್ಪನ್ನ ಅಭಿವೃದ್ಧಿಯನ್ನೇ ನಡೆಸಿದವರು, ತಮಗೆ ತಿಳಿದಿರಲಿಲ್ಲ ಎಂದರೆ ಕೇಳುವವರು ಹೇಗೆ ನಂಬಬೇಕು?

ತಲೆಯಾಡಿಸುವ ರೂಢಿ

ವಲುಕಾಸ್ ವರದಿ 325 ಪುಟಗಳದ್ದು, 2014ರ ಜೂನ್ 5ರಂದು ಬಹಿರಂಗವಾಯಿತು. ಬಾರಾ ಸೇರಿದಂತೆ ಅತ್ಯುನ್ನತ ಅಧಿಕಾರಿಗಳಿಗೆ ವಿಷಯ ತಿಳಿದಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲವೆಂದು ಅದು ಹೇಳಿತು. ಕಂಪನಿಯೇ ಹಣ ಕೊಟ್ಟು ಮಾಡಿಸಿದ ವರದಿಯೆಂಬ ಆಕ್ಷೇಪ ಬಂತು, ಬರಬೇಕಾದ ಆಕ್ಷೇಪವೇ. ಆದರೂ ಕಂಪನಿಯ ಒಳಗಿನ ಬದುಕನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಬಿಚ್ಚಿಟ್ಟ ದಾಖಲೆ ಕಾರು ಉದ್ಯಮದಲ್ಲಿ ಅಪರೂಪ. ಅದರಲ್ಲಿ ಎರಡು ರೂಢಿಗಳ ವಿವರಣೆ ಇದೆ. ಒಂದು, ಎದೆಯ ಮೇಲೆ ಕೈಗಳನ್ನು ಅಡ್ಡ ಕಟ್ಟಿ ಬೆರಳುಗಳನ್ನು ಎರಡೂ ಪಕ್ಕದವರ ಕಡೆಗೆ ತೋರಿಸುವ ಭಂಗಿ: ಹೊಣೆ ನನ್ನದಲ್ಲ, ಇವರದು ಅಥವಾ ಅವರದು. ಇನ್ನೊಂದು, ಸಭೆಯಲ್ಲಿ ಎಲ್ಲರೂ ಒಪ್ಪಿಗೆಯಿಂದ ತಲೆಯಾಡಿಸಿ, ಕೋಣೆಯಿಂದ ಹೊರಬಿದ್ದ ಮೇಲೆ ಒಬ್ಬರೂ ಏನೂ ಮಾಡದಿರುವುದು. ಈ ಎರಡನೆಯದನ್ನು ತನಿಖೆಗಾರರಿಗೆ ವಿವರಿಸಿದವರು ಸ್ವತಃ ಬಾರಾ. ಕಂಪನಿಯಲ್ಲಿ 2008ರಲ್ಲಿ ಕೊಟ್ಟ ತರಬೇತಿಯೊಂದರಲ್ಲಿ, ದಾಖಲೆಗಳಲ್ಲಿ ದೋಷ, ಅಪಾಯ ಎಂಬಂಥ ಮಾತುಗಳನ್ನು ಬರೆಯದಂತೆ ಎಂಜಿನಿಯರುಗಳಿಗೆ ಸೂಚಿಸಿದ್ದೂ 2014ರಲ್ಲಿ ಹೊರಬಂತು.

ನಾನು ಈ ಪ್ರಕರಣದಲ್ಲಿ ನಿಂತು ಯೋಚಿಸುವುದು ಇಲ್ಲಿ. ತಲೆಯಾಡಿಸುವ ರೂಢಿ ಬಾರಾ ಅವರಿಗೆ ಗೊತ್ತಿತ್ತು. ಉಡುಪಿನ ನಿಯಮವನ್ನು ಇಳಿಸುವಾಗ, ಉತ್ಪನ್ನ ಅಭಿವೃದ್ಧಿಯಲ್ಲಿ ಹಂತಗಳನ್ನು ಕಡಿಯುವಾಗ ಅವರು ಹೊಡೆದಾಡಿದ್ದು ಅದರ ವಿರುದ್ಧವೇ. ಹಾಗಿದ್ದರೂ ಅದೇ ರೂಢಿ ತಮ್ಮದೇ ವಿಭಾಗದ ಕೆಳ ಹಂತದಲ್ಲಿ ಸಾವಿನ ಕಡತವೊಂದನ್ನು ಅಡಗಿಸಿಟ್ಟುಕೊಂಡಿತ್ತು ಎಂಬುದು ಕಾಣಿಸಲಿಲ್ಲ. 2013ರ ಜುಲೈನಲ್ಲಿ ಭಾರತದಿಂದ ಒಂದು ಎಚ್ಚರಿಕೆಯೂ ಬಂದಿತ್ತು. ಕರ್ನಾಟಕದ ಹೆದ್ದಾರಿಗಳಲ್ಲಿ ಟ್ಯಾಕ್ಸಿಯಾಗಿ ಎಲ್ಲರಿಗೂ ಪರಿಚಿತವಾಗಿದ್ದ ಷೆವ್ರೊಲೆ ತವೇರಾದ ಹೊಗೆ ಪರೀಕ್ಷೆಯಲ್ಲಿ ಸಿಬ್ಬಂದಿಯೇ ನಿಯಮ ಮುರಿದಿದ್ದರೆಂದು ಕಂಪನಿ ಒಪ್ಪಿಕೊಂಡು, ಸುಮಾರು 1.14 ಲಕ್ಷ ವಾಹನಗಳನ್ನು ವಾಪಸ್ ಕರೆಸಿ, ಹಲವರನ್ನು ಕೆಲಸದಿಂದ ತೆಗೆದಿತ್ತು. ಒಂದು ದೇಶದಲ್ಲಿ ಹೀಗಾಗಿದೆಯೆಂದರೆ ಉಳಿದೆಡೆ ಏನಾಗಿದೆ ಎಂದು ಕೇಳಬೇಕಾದ ಗಳಿಗೆ ಅದಾಗಿತ್ತು.

ವರದಿ ಬಂದ ದಿನವೇ ಬಾರಾ ವಾರೆನ್ ನಗರದ ತಾಂತ್ರಿಕ ಕೇಂದ್ರದಲ್ಲಿ ಉದ್ಯೋಗಿಗಳನ್ನು ಸೇರಿಸಿ ಮಾತನಾಡಿದರು. 15 ಮಂದಿಯನ್ನು ಕೆಲಸದಿಂದ ತೆಗೆದದ್ದನ್ನು ಪ್ರಕಟಿಸಿದರು. ಇಂಥ ಸಂದರ್ಭದಲ್ಲಿ ಸಿಇಒಗಳು ಸಾಮಾನ್ಯವಾಗಿ ಹೇಳುವುದು, ಇದನ್ನು ಹಿಂದೆ ಬಿಟ್ಟು ಮುಂದೆ ಸಾಗೋಣ ಎಂದು. ಬಾರಾ ಅದಕ್ಕೆ ತದ್ವಿರುದ್ಧವಾಗಿ, ಇದನ್ನು ಎಂದೂ ಹಿಂದೆ ಬಿಡಬಾರದು, ಈ ನೋವು ನಮ್ಮೆಲ್ಲರ ನೆನಪಿನಲ್ಲಿ ಶಾಶ್ವತವಾಗಿ ಉಳಿಯಬೇಕು ಎಂಬರ್ಥದ ಮಾತು ಹೇಳಿದರು. ವಾಹನ ಸುರಕ್ಷತೆಗೆ ಪ್ರತ್ಯೇಕ ಉಪಾಧ್ಯಕ್ಷರನ್ನು ನೇಮಿಸಿದರು, ಯಾವ ಹಂತದ ಉದ್ಯೋಗಿಯೂ ಸುರಕ್ಷತೆಯ ಅನುಮಾನವನ್ನು ನೇರವಾಗಿ ವರದಿ ಮಾಡುವ ವ್ಯವಸ್ಥೆ ತಂದರು. ಹಳೆಯ ಕಡತಗಳನ್ನೆಲ್ಲ ಮತ್ತೆ ತೆರೆಸಿದ್ದರಿಂದ ಆ ಒಂದೇ ವರ್ಷ ಜಗತ್ತಿನಾದ್ಯಂತ ರೀಕಾಲ್ ಆದ ವಾಹನಗಳ ಸಂಖ್ಯೆ ಸುಮಾರು 3 ಕೋಟಿ ಮುಟ್ಟಿತು. ಪರಿಹಾರ ವಿತರಣೆಯನ್ನು ಕೆನೆತ್ ಫೈನ್‌ಬರ್ಗ್ ಎಂಬ ಹೊರಗಿನ ವಕೀಲರಿಗೆ ಒಪ್ಪಿಸಿ, ಮೊತ್ತಕ್ಕೆ ಮೇಲ್ಮಿತಿ ಹಾಕಲಿಲ್ಲ. ದಿವಾಳಿಗೆ ಮುಂಚಿನ ಅಪಘಾತಗಳಿಗೂ ಅದು ಅನ್ವಯಿಸಿತು. ಕಂಪನಿ ಮೊದಲು ಒಪ್ಪಿಕೊಂಡ ಸಾವುಗಳು 13. ಫೈನ್‌ಬರ್ಗ್ ಲೆಕ್ಕದಲ್ಲಿ ಅವು 124 ಆದವು, ಗಾಯಗೊಂಡವರ ಅಂಗೀಕೃತ ಅರ್ಜಿಗಳು 275, ಒಟ್ಟು ಪರಿಹಾರ 59.45 ಕೋಟಿ ಡಾಲರ್. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಯ ಇಲಾಖೆಯೊಂದಿಗಿನ ಒಪ್ಪಂದದಂತೆ ಇನ್ನೂ 90 ಕೋಟಿ ಡಾಲರ್ ಕಟ್ಟಬೇಕಾಯಿತು.

ಇದರಲ್ಲಿ ಮೆಚ್ಚಬೇಕಾದದ್ದು ಬಹಳವಿದೆ. ಆದರೆ ಅದೇ ಕಾಲದಲ್ಲಿ ಕಂಪನಿಯ ವಕೀಲರು ನ್ಯಾಯಾಲಯದಲ್ಲಿ, ದಿವಾಳಿಗೆ ಮುಂಚಿನ ಹೊಣೆಗಳು ಹಳೆಯ ಕಂಪನಿಯವು, ಹೊಸ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ ಎಂದು ವಾದಿಸುತ್ತಲೇ ಇದ್ದರು. 2016ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ, ದೋಷವನ್ನು ಬಲ್ಲ ಕಂಪನಿ ಕಾರಿನ ಮಾಲೀಕರಿಗೆ ತಿಳಿಸದೆ ದಿವಾಳಿಯ ರಕ್ಷಣೆ ಪಡೆಯಲಾಗದು ಎಂದು ಆ ವಾದವನ್ನು ತಳ್ಳಿಹಾಕಿತು, ಮುಂದೆ ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಸಭೆಯಲ್ಲಿ ನೆನಪಿಡೋಣ ಎಂದವರ ಕಂಪನಿಯೇ ನ್ಯಾಯಾಲಯದಲ್ಲಿ ಹಾಗೆ ವಾದಿಸಿದ್ದು ನನಗೆ ಈ ಅಧ್ಯಾಯದ ಅತ್ಯಂತ ಕಹಿಯಾದ ಭಾಗ.

ಮಹಿಳೆಯೆಂಬ ಕಾರಣಕ್ಕೆ ಅವರು ಆ ವರ್ಷ ಹೆಚ್ಚಿನ ಹೊರೆ ಹೊತ್ತದ್ದೂ ನಿಜ. ಮುಳುಗುವ ಹಡಗೆಂದು ಗೊತ್ತಿದ್ದೇ ಮಹಿಳೆಯ ಕೈಗೆ ಕೊಟ್ಟರು ಎಂಬ ಮಾತು ಹರಡಿತು. ವಿಷಯ ಬಲ್ಲವರು ಮೇಲೆ ಇರಲೇ ಇಲ್ಲವೆಂದು ವಲುಕಾಸ್ ಕಂಡುಕೊಂಡ ಮೇಲೆ ಆ ವಾದ ನಿಲ್ಲುವುದು ಕಷ್ಟ. ಆದರೆ 2014ರ ಜೂನ್‌ನಲ್ಲಿ ದೂರದರ್ಶನ ಸಂದರ್ಶಕರೊಬ್ಬರು, ಇಬ್ಬರು ಮಕ್ಕಳ ತಾಯಿಯಾಗಿ ಎರಡೂ ಕೆಲಸಗಳನ್ನು ಚೆನ್ನಾಗಿ ಮಾಡಬಲ್ಲಿರಾ ಎಂದು ಕೇಳಿದ ಪ್ರಶ್ನೆಯನ್ನು ಡೆಟ್ರಾಯ್ಟ್‌ನ ಯಾವ ತಂದೆಗೂ ಯಾರೂ ಕೇಳಿರಲಿಲ್ಲ.

ಬಿಟ್ಟುಕೊಟ್ಟ ಮಾರುಕಟ್ಟೆಗಳು, ಮುಚ್ಚಿದ ಬಾಗಿಲುಗಳು

2016ರ ಜನವರಿಯಲ್ಲಿ ಬಾರಾ ಆಡಳಿತ ಮಂಡಳಿಯ ಅಧ್ಯಕ್ಷೆಯೂ ಆದರು. ಅನಂತರದ ಅವರ ನಡೆಗಳಲ್ಲಿ ಒಂದು ಗಟ್ಟಿತನ ಕಾಣುತ್ತದೆ. ದಶಕಗಳ ಕಾಲ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಎನಿಸಿಕೊಂಡಿದ್ದ ಸಂಸ್ಥೆಯಲ್ಲಿ ಗಾತ್ರವೇ ಪ್ರತಿಷ್ಠೆಯಾಗಿತ್ತು. ಲಾಭ ತಾರದ ಗಾತ್ರ ಬೇಡವೆಂದು ಹೇಳಿ, ಹೇಳಿದಂತೆ ಮಾಡಿದವರು ಅವರು. 2017ರಲ್ಲಿ ಯುರೋಪಿನ ಓಪೆಲ್ ಮತ್ತು ವಾಕ್ಸ್‌ಹಾಲ್‌ಗಳನ್ನು ಫ್ರಾನ್ಸಿನ ಪಿಎಸ್‌ಎ ಕಂಪನಿಗೆ ಮಾರಿದರು. ಅದೇ ವರ್ಷ ಭಾರತದಲ್ಲಿ ಷೆವ್ರೊಲೆ ಮಾರಾಟ ನಿಂತಿತು. ಕೇವಲ ಎರಡು ವರ್ಷ ಹಿಂದೆ, 2015ರಲ್ಲಿ, ಇಲ್ಲಿ 100 ಕೋಟಿ ಡಾಲರ್ ಹೂಡುವುದಾಗಿ ಕಂಪನಿ ಘೋಷಿಸಿತ್ತು. ಆ ಮಾತನ್ನು ನಂಬಿ ಮಳಿಗೆ ಕಟ್ಟಿದ ಡೀಲರುಗಳಿಗೆ, ಬೀಟ್, ಸ್ಪಾರ್ಕ್, ತವೇರಾ ಕೊಂಡ ಮನೆಗಳಿಗೆ ಆದ ನಷ್ಟವನ್ನು ಲಾಭಾಂಶದ ಲೆಕ್ಕ ತೋರಿಸುವುದಿಲ್ಲ. ಗುಜರಾತಿನ ಹಾಲೋಲ್ ಕಾರ್ಖಾನೆ ಎಂಜಿ ಕಾರುಗಳ ಪಾಲಾಯಿತು, ಮಹಾರಾಷ್ಟ್ರದ ತಳೇಗಾಂವ್ ಕಾರ್ಖಾನೆ 2020ರ ಕೊನೆಯವರೆಗೆ ರಫ್ತಿಗಾಗಿ ಮಾತ್ರ ಓಡಿತು. ಕಾರು ಮಾರುವುದನ್ನು ನಿಲ್ಲಿಸಿದರೂ, 2003ರಿಂದ ಬೆಂಗಳೂರಿನಲ್ಲಿದ್ದ ತಾಂತ್ರಿಕ ಕೇಂದ್ರವನ್ನು ಮುಚ್ಚಲಿಲ್ಲ. ನಮ್ಮ ಎಂಜಿನಿಯರುಗಳು ತಮ್ಮ ಊರಿನ ರಸ್ತೆಗೆ ಬಾರದ ವಾಹನಗಳಿಗೆ ಕೆಲಸ ಮಾಡುತ್ತ ಉಳಿದರು.

2018ರಲ್ಲಿ ಚೆನ್ನೈ ಮೂಲದ ದಿವ್ಯಾ ಸೂರ್ಯದೇವರ ಕಂಪನಿಯ ಹಣಕಾಸಿನ ಮುಖ್ಯಸ್ಥೆ, ಅಂದರೆ ಸಿಎಫ್‌ಒ, ಆದರು. ಸಿಇಒ, ಸಿಎಫ್‌ಒ ಎರಡೂ ಸ್ಥಾನಗಳಲ್ಲಿ ಮಹಿಳೆಯರಿದ್ದ ದೊಡ್ಡ ಕಾರು ಕಂಪನಿ ಬೇರೆ ಇರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಬಾರಾ ಉತ್ತರ ಅಮೆರಿಕದ ಐದು ಕಾರ್ಖಾನೆಗಳಿಗೆ ಮುಂದೆ ಕೆಲಸ ಕೊಡುವುದಿಲ್ಲವೆಂದು ಪ್ರಕಟಿಸಿದರು. ಸುಮಾರು 14,000 ಉದ್ಯೋಗಗಳ ಪ್ರಶ್ನೆ ಅದು. ಪಟ್ಟಿಯಲ್ಲಿ ಎರಡು ಹೆಸರುಗಳನ್ನು ಗಮನಿಸಬೇಕು: ಓಹಾಯೋ ರಾಜ್ಯದ ಲಾರ್ಡ್ಸ್‌ಟೌನ್, ಆ ಕೋಬಾಲ್ಟ್ ಕಾರುಗಳು ತಯಾರಾದ ಕಾರ್ಖಾನೆ, ಮತ್ತು ಡೆಟ್ರಾಯ್ಟ್-ಹ್ಯಾಮ್‌ಟ್ರಾಮಿಕ್, ಬಾರಾ ತಾವೇ ನಡೆಸಿದ ಕಾರ್ಖಾನೆ. ಲಾರ್ಡ್ಸ್‌ಟೌನ್‌ನಲ್ಲಿ 2019ರ ಮಾರ್ಚ್‌ನಲ್ಲಿ ಕೊನೆಯ ಕಾರು ಲೈನಿನಿಂದ ಇಳಿಯಿತು. ಆ ಶರತ್ಕಾಲದಲ್ಲಿ ಸುಮಾರು 48,000 ಕಾರ್ಮಿಕರು 40 ದಿನ ಮುಷ್ಕರ ಹೂಡಿದರು. ಮುಷ್ಕರದ ನಂತರದ ಒಪ್ಪಂದ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯನ್ನು ಉಳಿಸಿತು. 2020ರಲ್ಲಿ 220 ಕೋಟಿ ಡಾಲರ್ ಹೂಡಿಕೆಯೊಂದಿಗೆ ಅದು ವಿದ್ಯುತ್ ಟ್ರಕ್ಕುಗಳ ಕಾರ್ಖಾನೆಯಾಗಿ ಹೊಸ ಹೆಸರು ಪಡೆಯಿತು. 2035ರ ಹೊತ್ತಿಗೆ ಹೊಗೆಯುಗುಳುವ ಲಘು ವಾಹನಗಳನ್ನು ಕೈಬಿಡುವ ಆಶಯವನ್ನು ಬಾರಾ 2021ರ ಜನವರಿಯಲ್ಲಿ ಪ್ರಕಟಿಸಿದರು. ಗ್ರಾಹಕರು ಅಷ್ಟು ಬೇಗ ಬರಲಿಲ್ಲ, ಸರ್ಕಾರದ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್‌ಗೆ ಮುಗಿಯಿತು, ಮರು ತಿಂಗಳೇ ಕಂಪನಿ ವಿದ್ಯುತ್ ವಾಹನಗಳ ಲೆಕ್ಕದಲ್ಲಿ 160 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು.

ಕ್ರೂಸ್

ಮಾರುಕಟ್ಟೆಯ ಅಂದಾಜು ತಪ್ಪುವುದು ಯಾವ ಸಿಇಒಗಾದರೂ ಆಗಬಹುದಾದದ್ದು. ಆದರೆ ಕ್ರೂಸ್ ವಿಷಯವನ್ನು ಅಷ್ಟು ಸುಲಭವಾಗಿ ಬಿಡಲಾಗದು. ಸ್ಯಾನ್ ಫ್ರಾನ್ಸಿಸ್ಕೋದ ಈ ಚಾಲಕರಹಿತ ಕಾರು ಕಂಪನಿಯನ್ನು ಜನರಲ್ ಮೋಟರ್ಸ್ 2016ರಲ್ಲಿ ಕೊಂಡಿತು, ಮುಂದಿನ ವರ್ಷಗಳಲ್ಲಿ ಅದರ ಮೇಲೆ 1,000 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತು. 2023ರ ಅಕ್ಟೋಬರ್ 2ರ ರಾತ್ರಿ ಅಲ್ಲಿ ಬೇರೊಬ್ಬ ಚಾಲಕನ ಕಾರು ಪಾದಚಾರಿ ಮಹಿಳೆಯೊಬ್ಬರಿಗೆ ಗುದ್ದಿ, ಅವರು ಕ್ರೂಸ್ ಕಾರಿನ ಎದುರಿಗೆ ಬಿದ್ದರು. ಕಾರು ಅವರಿಗೆ ತಾಗಿ ನಿಂತಿತು. ಅನಂತರ, ಪಕ್ಕಕ್ಕೆ ಹೋಗಿ ನಿಲ್ಲಬೇಕೆಂಬ ತನ್ನ ತಂತ್ರಾಂಶದ ಸೂಚನೆಯಂತೆ ಮತ್ತೆ ಚಲಿಸಿ, ಅಡಿಯಲ್ಲಿ ಸಿಲುಕಿದ್ದ ಮಹಿಳೆಯನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಮರುದಿನ ನಿಯಂತ್ರಕ ಸಂಸ್ಥೆಗಳಿಗೆ ವಿವರಣೆ ಕೊಡುವಾಗ ಕ್ರೂಸ್ ಅಧಿಕಾರಿಗಳು ವಿಡಿಯೋ ತೋರಿಸಲು ಯತ್ನಿಸಿದರು, ಎಳೆದುಕೊಂಡು ಹೋದದ್ದನ್ನು ಮಾತಿನಲ್ಲಿ ಹೇಳಲಿಲ್ಲ. ಅಕ್ಟೋಬರ್ 24ರಂದು ಕ್ಯಾಲಿಫೋರ್ನಿಯಾ ರಾಜ್ಯ ಪರವಾನಗಿ ಅಮಾನತು ಮಾಡಿತು. ಕ್ರೂಸ್ ಮುಖ್ಯಸ್ಥರು ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು, ಡಿಸೆಂಬರ್‌ನಲ್ಲಿ ಒಂಬತ್ತು ಹಿರಿಯ ಅಧಿಕಾರಿಗಳನ್ನು ತೆಗೆಯಲಾಯಿತು, 2024ರ ಡಿಸೆಂಬರ್‌ನಲ್ಲಿ ರೋಬೊಟ್ಯಾಕ್ಸಿ ಯೋಜನೆಗೆ ಹಣ ನಿಲ್ಲಿಸುವುದಾಗಿ ಜನರಲ್ ಮೋಟರ್ಸ್ ಪ್ರಕಟಿಸಿತು.

2014ರ ನಂತರ ಬಾರಾ ಕಟ್ಟಿದ ಸುರಕ್ಷತಾ ವ್ಯವಸ್ಥೆ ಮೂಲ ಕಂಪನಿಯೊಳಗೆ ಕೆಲಸ ಮಾಡಿತು ಎನ್ನಲು ಆಧಾರಗಳಿವೆ. ಬ್ಯಾಟರಿ ಬೆಂಕಿಯ ಅಪಾಯ ತಿಳಿದಾಗ 2021ರಲ್ಲಿ, ಅದುವರೆಗೆ ಮಾರಿದ್ದ ಎಲ್ಲ ಷೆವ್ರೊಲೆ ಬೋಲ್ಟ್ ಕಾರುಗಳನ್ನೂ ವಾಪಸ್ ಕರೆದದ್ದು ಅಂಥ ಒಂದು. ಕೊಂಡುಕೊಂಡ, ದೂರದ ಊರಿನ, ತನ್ನದೇ ರೀತಿ ರಿವಾಜಿನ ಕಂಪನಿಯೊಳಕ್ಕೆ ಆ ವ್ಯವಸ್ಥೆಯನ್ನು ಅಷ್ಟೇ ಬಿಗಿಯಾಗಿ ಒಯ್ಯಲಿಲ್ಲ ಎಂಬುದು ನನ್ನ ತೀರ್ಮಾನ. ಜನರಲ್ ಮೋಟರ್ಸ್‌ನ ನಿಧಾನಗತಿ ಅಂಟದಿರಲೆಂದು ಕ್ರೂಸ್‌ಗೆ ಕೊಟ್ಟ ಸ್ವಾತಂತ್ರ್ಯಕ್ಕೆ ವ್ಯಾಪಾರದ ಕಾರಣವಿತ್ತು, ಆದರೆ ಅದೇ ಸ್ವಾತಂತ್ರ್ಯದಲ್ಲಿ ಆ ಪಾಠವೂ ಹೊರಗುಳಿಯಿತು. ಈ ಸಲವೂ ತನಿಖೆ ಮಾಡಿದ್ದು ಹೊರಗಿನ ಒಂದು ವಕೀಲ ಸಂಸ್ಥೆ. 2024ರ ಜನವರಿಯಲ್ಲಿ ಪ್ರಕಟವಾದ ಅದರ ವರದಿ ದುರ್ಬಲ ನಾಯಕತ್ವವನ್ನೂ, ನಿಯಂತ್ರಕರನ್ನು ಎದುರಾಳಿಗಳೆಂದು ಕಾಣುವ ಮನೋಭಾವವನ್ನೂ ದೂಷಿಸಿತು. ಅದೇ ವರದಿಯ ಪ್ರಕಾರ, ಅಕ್ಟೋಬರ್ 3ರಂದು ಅಧಿಕಾರಿಗಳು ನಿಯಂತ್ರಕರ ಎದುರು ಕೂರುವ ಮೊದಲೇ, ಆ ಮಹಿಳೆಯನ್ನು ಕಾರು ಎಳೆದುಕೊಂಡು ಹೋದ ಸಂಗತಿ ಕ್ರೂಸ್‌ನ 100ಕ್ಕೂ ಹೆಚ್ಚು ಉದ್ಯೋಗಿಗಳಿಗೆ ತಿಳಿದಿತ್ತು.